ನಮ್ಮ ಗೇಟಿನ ಪಕ್ಕದ ದಾಸವಾಳ ಮತ್ತು ಅತ್ತೆಯವರ ಕತ್ತರಿ

ಇವರಿಗೆ,
ಮುಖ್ಯಾಧಿಕಾರಿಗಳು,
ಮಾರ್ಗ ಸೌಂದರ್ಯ ಮತ್ತು ಸುರಕ್ಷತಾ ಇಲಾಖೆ,
ಮೂರನೆಯ ಮಹಡಿ, ಲಿಫ್ಟ್ ಕೆಟ್ಟಿರುವ ಕಡೆಯ ಮೆಟ್ಟಿಲು.

ವಿಷಯ: ಮನೆಯಿಂದ ಕಾರನ್ನು ಹಿಂದಕ್ಕೆ ತೆಗೆಯುವಾಗ ಬೀದಿ ಕಾಣಬೇಕೆಂಬ ನನ್ನ ದುರಾಸೆ, ಹಾಗೂ ಅದಕ್ಕೆ ಸಂಬಂಧಿಸಿದಂತೆ ನಮ್ಮ ಅತ್ತೆಯವರಿಗೆ ತಾವು ದಯಪಾಲಿಸಿರುವ ನೋಟಿಸು.

ಮಾನ್ಯರೇ,

ತಾವೂ ತಮ್ಮ ಕುಟುಂಬದವರೂ ತಮ್ಮ ಇಲಾಖೆಯ ಸಮಸ್ತ ಗಿಡಗಂಟಿಗಳೂ ಕ್ಷೇಮವಾಗಿರುವಿರೆಂದು ನಂಬಿ, ಗೌರವಪೂರ್ವಕ ನಮಸ್ಕಾರಗಳೊಂದಿಗೆ ಈ ಬಹಿರಂಗ ಪತ್ರವನ್ನು ಆರಂಭಿಸುತ್ತೇನೆ. ಇತ್ತ ನಮ್ಮ ಬೀದಿಯಲ್ಲಿಯೂ ಎದುರು ಮನೆಯ ಮೇಷ್ಟ್ರ ಬಲಗೈ ಮಣಿಕಟ್ಟೊಂದನ್ನು ಬಿಟ್ಟರೆ ಎಲ್ಲವೂ ಕ್ಷೇಮ, ಆ ಮಣಿಕಟ್ಟಿನ ಮೂಳೆಯೂ ಈಗ ಕೂಡಿಕೊಂಡಿದೆ ಎಂದು ತಿಳಿಸಲು ಹರ್ಷಿಸುತ್ತೇನೆ.

ತಮ್ಮ ಕಡತದಲ್ಲಿ ನಾನು 'ಅರ್ಜಿದಾರಳು' ಎಂದಷ್ಟೇ ಇರುವುದರಿಂದ ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಬಸ್ ನಿಲ್ದಾಣದ ಎದುರು ಇಪ್ಪತ್ತೆರಡು ವರ್ಷದಿಂದ ಕನ್ನಡಕದ ಅಂಗಡಿ ಇಟ್ಟುಕೊಂಡಿರುವವಳು. ಗಾಜು ಉಜ್ಜುವುದು, ಅಳತೆ ನೋಡುವುದು, ಮೂಗಿನ ಮೇಲಿಂದ ಜಾರುವ ಫ್ರೇಮನ್ನು ಬಗ್ಗಿಸಿ ಕೂರಿಸುವುದು ನನ್ನ ಕಸುಬು. ಪ್ರತಿ ಬುಧವಾರ ಅಂಗಡಿ ಮುಚ್ಚಿ, ಅಕ್ಷರದ ಪಟವನ್ನೂ ಗಾಜುಗಳ ಪೆಟ್ಟಿಗೆಯನ್ನೂ ಕಾರಿನಲ್ಲಿ ಹಾಕಿಕೊಂಡು ಊರಾಚೆಯ ಶಾಲೆಗಳಿಗೆ ಹೋಗಿ ಮಕ್ಕಳ ಕಣ್ಣು ನೋಡಿ ಬರುತ್ತೇನೆ. ಊರಿಗೆಲ್ಲ ಕಣ್ಣು ಕಾಣಿಸುವವಳಿಗೆ ತನ್ನ ಗೇಟಿನಾಚೆ ಏನಿದೆ ಎಂದು ಕಾಣದಿರುವುದನ್ನು ನೋಡಿ, ದೀಪದ ಬುಡದಲ್ಲಿ ಕತ್ತಲೆ ಎಂದು ನಕ್ಕವರಲ್ಲಿ ನಾನೇ ಮೊದಲಿಗಳು. ನನ್ನ ಯಜಮಾನರು ಹಡಗಿನಲ್ಲಿ ಅಡುಗೆಯವರು. ವರ್ಷದಲ್ಲಿ ಎರಡು ತಿಂಗಳು ಮನೆಯಲ್ಲಿ, ಉಳಿದಂತೆ ನೀರಿನ ಮೇಲೆ. ಹಾಗಾಗಿ ಮನೆಯಲ್ಲಿ ಇರುವವರು ನಾನು ಮತ್ತು ನಮ್ಮ ಅತ್ತೆ. ಅತ್ತೆಗೆ ಈಗ ಎಪ್ಪತ್ತಾರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು; ತಂತಿ ಕೆಟ್ಟ ದಿನವೂ ಅವರ ದನಿ ಮಾತ್ರ ಪಕ್ಕದ ಊರಿಗೆ ಕೇಳುತ್ತಿತ್ತಂತೆ.

ನಮ್ಮ ಮನೆ ರಸ್ತೆಗಿಂತ ಮೂರಡಿ ತಗ್ಗಿನಲ್ಲಿದೆ. ಕಾರು ನಿಲ್ಲಿಸುವ ಶೆಡ್ಡಿನಿಂದ ಗೇಟಿನವರೆಗೆ ಹದಿನೈದು ಹೆಜ್ಜೆಯ ಏರು. ರಿವರ್ಸ್ ಹಾಕಿ ಏರುವಾಗ ಹಿಂದಿನ ಗಾಜಿನಲ್ಲಿ ಆಕಾಶ ಮಾತ್ರ ಕಾಣುತ್ತದೆ. ಆಕಾಶದಲ್ಲಿ ಯಾರೂ ಓಡಾಡುವುದಿಲ್ಲವಾದ್ದರಿಂದ ಅದರಿಂದ ನನಗೆ ಯಾವ ಉಪಯೋಗವೂ ಇಲ್ಲ. ಏರು ಮುಗಿದ ಕೂಡಲೇ ಫುಟ್‌ಪಾತು, ಅದರಾಚೆ ರಸ್ತೆ. ಕಾಂಪೌಂಡು ಗೋಡೆ ಸೊಂಟದೆತ್ತರ ಮಾತ್ರವಿದ್ದುದರಿಂದ ಎಡಕ್ಕೆ ಬಲಕ್ಕೆ ಕತ್ತು ತಿರುಗಿಸಿದರೆ ಬರುವವರು ಹೋಗುವವರು ಎಲ್ಲ ಕಾಣುತ್ತಿದ್ದರು. ಹದಿನೆಂಟು ವರ್ಷ ಹೀಗೇ ನಡೆಯಿತು. ಆಮೇಲೆ ತಮ್ಮ ಇಲಾಖೆಗೆ ನಮ್ಮ ಬೀದಿ ಕುರೂಪವಾಗಿದೆ ಎಂದು ತೋಚಿತು.

ತಮ್ಮ ಸೌಂದರ್ಯ ಶಾಖೆಯವರು ಬಂದು ಗೋಡೆಗಳ ಹೊರಮೈಗೆ ಒತ್ತಿ ದಾಸವಾಳದ ಸಾಲು ನೆಟ್ಟ ದಿನ ನಾವು ನಿಜಕ್ಕೂ ಸಂತೋಷಪಟ್ಟಿದ್ದೆವು ಎಂಬುದನ್ನು ಮುಚ್ಚಿಡುವುದಿಲ್ಲ. ಮೊದಲ ಬೇಸಿಗೆಯಲ್ಲಿ ತಮ್ಮ ನೀರಿನ ಗಾಡಿ ಒಂದು ದಿನವೂ ಬಾರದಿದ್ದಾಗ ಬಕೆಟ್ಟಿನಲ್ಲಿ ನೀರು ಹೊತ್ತು ಅವುಗಳನ್ನು ಉಳಿಸಿದವರು ನಮ್ಮ ಅತ್ತೆಯವರೇ. ನೋಟಿಸಿನಲ್ಲಿ ಈ ಅಪರಾಧದ ಉಲ್ಲೇಖ ಬಿಟ್ಟುಹೋಗಿರುವುದರಿಂದ ತಮ್ಮ ಗಮನಕ್ಕೆ ತರುತ್ತಿದ್ದೇನೆ. ಗಿಡಗಳು ಉಪಕಾರ ಮರೆಯಲಿಲ್ಲ. ಮೊಣಕಾಲೆತ್ತರ ಇದ್ದವು ಸೊಂಟಕ್ಕೆ ಬಂದವು, ಸೊಂಟದಿಂದ ಹೆಗಲಿಗೆ, ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಐದೂವರೆ ಅಡಿ. ಗೇಟಿನ ಎಡಗಡೆ ಒಂದು ಹಸಿರು ಗೋಡೆಯೇ ಎದ್ದಿತು. ಅದರ ಹಿಂದೆ ಫುಟ್‌ಪಾತಿನಲ್ಲಿ ಮಗುವಿದೆಯೋ ಮುದುಕರಿದ್ದಾರೋ ಎಂಬುದು ಬಂಪರಿಗೆ ಮೊದಲು ತಿಳಿಯಬೇಕು, ಆಮೇಲೆ ನನಗೆ.

ಆಗ ನಾನು ತಮಗೆ ಮೊದಲ ಅರ್ಜಿ ಬರೆದೆ. ಗೇಟಿನ ಪಕ್ಕದ ಹತ್ತಡಿಯಷ್ಟು ಗಿಡಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ಕೊಡಿ ಎಂಬ ಒಂದೇ ಬೇಡಿಕೆ. ಉತ್ತರ ಬರಲು ಎರಡು ತಿಂಗಳಾಯಿತು, ಏಕೆಂದರೆ ನನ್ನ ಅರ್ಜಿ ಸೌಂದರ್ಯ ಶಾಖೆಯಿಂದ ಸುರಕ್ಷತಾ ಶಾಖೆಗೆ ಹೋಗಬೇಕಿತ್ತು. ಈ ಎರಡು ಶಾಖೆಗಳು ಒಂದೇ ಕೋಣೆಯಲ್ಲಿ ಒಂದು ಕಬ್ಬಿಣದ ಬೀರುವಿನ ಆಚೆ ಈಚೆ ಕುಳಿತಿರುವುದನ್ನು ನಾನು ಕಣ್ಣಾರೆ ಕಂಡೆ. ಆದರೂ ಕಾಗದವು ಬೀರುವನ್ನು ಸುತ್ತಿಕೊಂಡು ಹೋಗುವ ಹಾಗಿಲ್ಲ. ಕೆಳಗಿನ ಟಪಾಲು ವಿಭಾಗಕ್ಕೆ ಇಳಿದು, ಮೊಹರು ಹಾಕಿಸಿಕೊಂಡು, ಮತ್ತೆ ಮೂರು ಮಹಡಿ ಹತ್ತಬೇಕು. ಅದಕ್ಕೂ ಮಂಡಿನೋವು ಬಂದಿರಬೇಕು, ಪಾಪ.

ಉತ್ತರದಲ್ಲಿ, ಗಿಡ ಕತ್ತರಿಸುವುದು ಸೌಂದರ್ಯಕ್ಕೆ ವಿರುದ್ಧವಾದ್ದರಿಂದ, ಅರ್ಜಿದಾರಳು ಕಾರನ್ನು ಒಳಗೆ ಬರುವಾಗಲೇ ಹಿಂದುಮುಂದಾಗಿ ತಂದು ನಿಲ್ಲಿಸಿ, ಹೊರಡುವಾಗ ಮುಖ ಮುಂದೆ ಮಾಡಿ ಹೊರಡತಕ್ಕದ್ದು ಎಂಬ ಸಲಹೆಯಿತ್ತು. ಇದು ಒಳ್ಳೆಯ ಸಲಹೆಯೇ. ತಮ್ಮ ಇಲಾಖೆಯಿಂದ ಬಂದ ಕಾಗದಗಳಲ್ಲಿ ಅರ್ಥವಾದ ವಾಕ್ಯವೆಂದರೆ ಅದೊಂದೇ. ಹನ್ನೊಂದು ದಿನ ಹಾಗೆಯೇ ಮಾಡಿದೆ. ತಿರುವಿನಿಂದ ಬರುವ ಬಸ್ಸುಗಳು ನನ್ನ ಹಿಂದೆ ನಿಂತು ಹಾರ್ನು ಬಾರಿಸಿ ಇಡೀ ಬೀದಿಯನ್ನು ಎಬ್ಬಿಸಿದವು. ಗೇಟಿನ ಕಂಬ ನನ್ನ ಎಡಗಡೆಯ ಕನ್ನಡಿಯನ್ನು ಕಿತ್ತುಕೊಂಡಿತು. ಇಷ್ಟಾದ ಮೇಲೆ ಗೊತ್ತಾದದ್ದೇನೆಂದರೆ, ಕಾರಿನ ಮೂಗು ನನ್ನ ಕಣ್ಣಿಗಿಂತ ನಾಲ್ಕಡಿ ಮುಂದಿದೆ. ನನ್ನ ಕಣ್ಣು ದಾಸವಾಳ ದಾಟುವಷ್ಟರಲ್ಲಿ ಮೂಗು ಫುಟ್‌ಪಾತನ್ನು ದಾಟಿರುತ್ತದೆ. ಮುಖ ಮುಂದೆ ಮಾಡಿ ಹೊರಟರೂ ಕುರುಡಿಯೇ, ಬೆನ್ನು ಮಾಡಿ ಹೊರಟರೂ ಕುರುಡಿಯೇ. ಆಮೇಲೆ ಕಾರಿಗೆ ಹಿಂಬದಿಯ ಕ್ಯಾಮೆರಾ ಹಾಕಿಸಿದೆ. ಅದು ಹಿಂದೆ ಇರುವುದನ್ನು ತೋರಿಸುತ್ತದೆ, ಪಕ್ಕದಿಂದ ಬರುವುದನ್ನು ತೋರಿಸುವುದಿಲ್ಲ. ಒಂದು ಬೆಳಗ್ಗೆ ಅದರಲ್ಲಿ ಹೂವಿನ ಮೇಲೆ ಕುಳಿತ ಜೇನುನೊಣವೊಂದು ಅತ್ಯಂತ ಸ್ಪಷ್ಟವಾಗಿ ಕಂಡಿತು ಎಂಬುದನ್ನು ಸೌಂದರ್ಯ ಶಾಖೆಯವರಿಗೆ ದಯವಿಟ್ಟು ತಿಳಿಸಿ.

ಕೊನೆಗೆ ಅತ್ತೆಯವರೇ ಕ್ಯಾಮೆರಾ ಆದರು. ನಾನು ಕಾರು ಚಾಲೂ ಮಾಡಿದ ಕೂಡಲೇ ಫುಟ್‌ಪಾತಿನಲ್ಲಿ ಹೋಗಿ ನಿಂತು, "ಬಾ, ಬಾ, ಬಾ, ಇನ್ನೂ ಬಾ, ನಿಲ್ಲು, ಒಬ್ರು ಹೋಗ್ಲಿ, ಹಾಂ ಈಗ ಬಾ" ಎಂದು ಹೇಳುವುದು ಅವರ ಕೆಲಸವಾಯಿತು. ದಾರಿಹೋಕರೂ ಅವರ ಮಾತಿಗೆ ನಿಲ್ಲುತ್ತಿದ್ದರು. ಎಷ್ಟೋ ಜನ ತಮಗೇ ಹೇಳಿದ್ದೆಂದು ತಿಳಿದು ನಮ್ಮ ಗೇಟಿನೊಳಗೇ ಬಂದುಬಿಡುತ್ತಿದ್ದರು.

ಈಗ ಹೇಳಬೇಕಾದ ಸಂಗತಿಯನ್ನು ನಾನು ತಮಾಷೆಯಾಗಿ ಬರೆಯಲಾರೆ, ಮನ್ನಿಸಬೇಕು. ಆ ಬುಧವಾರ ನಾನು ಕಾರು ಚಾಲೂ ಮಾಡಿ, ಅತ್ತೆ ಗೇಟು ತೆಗೆಯುವಷ್ಟರಲ್ಲಿ ಮನೆಯೊಳಗೆ ಫೋನು ಬಂತು. ಹಡಗಿನಿಂದ ಅವರ ಮಗನ, ಅಂದರೆ ನನ್ನ ಯಜಮಾನರ ಫೋನು. ಅದು ಹತ್ತು ದಿನಕ್ಕೊಮ್ಮೆ ಬರುವಂಥದ್ದು, ಬಿಟ್ಟರೆ ಮತ್ತೆ ಸಿಗುವುದಿಲ್ಲ. "ಒಂದು ನಿಮಿಷ ಇರು ಕಣೇ, ಬಂದೆ" ಎಂದು ಅತ್ತೆ ಒಳಗೆ ಹೋದರು. ನಾನು ಒಂದು ನಿಮಿಷ ಇರಲಿಲ್ಲ. ಶಾಲೆಗೆ ತಡವಾಗಿತ್ತು, ಏರಿನಲ್ಲಿ ನಿಧಾನವಾಗಿಯೇ, ಎರಡು ಸಲ ಹಾರ್ನು ಮಾಡಿಯೇ ಹಿಂದೆ ಬಂದೆ. ಧಡ್ ಎಂಬ ಸದ್ದೇನೂ ಬರಲಿಲ್ಲ. ಒದ್ದೆ ಬಟ್ಟೆಯ ಮೂಟೆಯನ್ನು ಯಾರೋ ನೆಲಕ್ಕಿಳಿಸಿದ ಹಾಗೆ ಮೆತ್ತಗೆ ಒಂದು ಸದ್ದು. ಬ್ರೇಕು ಒತ್ತಿ ಕುಳಿತೆ. ಕೈ ಬಾಗಿಲಿನ ಹಿಡಿಯ ಮೇಲಿತ್ತು, ತೆಗೆಯಲು ಆಗಲಿಲ್ಲ. ತೆಗೆದರೆ ಯಾರೆಂದು ಗೊತ್ತಾಗುತ್ತದಲ್ಲ ಎಂಬ ಭಯ.

ಎದುರು ಮನೆಯ ಮೇಷ್ಟ್ರು. ಎಪ್ಪತ್ತೊಂದು ವರ್ಷ, ನಿವೃತ್ತ ಗಣಿತದ ಮೇಷ್ಟ್ರು. ಮಂಡಿನೋವಿಗೆ ದಿನಾ ನೂರು ಹೆಜ್ಜೆ ಹಿಂದಕ್ಕೆ ನಡೆಯಬೇಕೆಂದು ಡಾಕ್ಟರು ಹೇಳಿದ್ದರಿಂದ ಅವರು ರಸ್ತೆ ದಾಟಿ ಬಂದು, ನಮ್ಮ ಕಡೆಯ ಸಪಾಟಾದ ಫುಟ್‌ಪಾತಿನಲ್ಲಿ ಹಿಂದುಹಿಂದಾಗಿ ನಡೆಯುತ್ತಿದ್ದರು. ಬೆನ್ನು ಮಾಡಿಕೊಂಡು ಅವರು, ಬೆನ್ನು ಮಾಡಿಕೊಂಡು ನಾನು. ಕಾರಿನ ಡಿಕ್ಕಿಗೆ ಮೇಷ್ಟ್ರು ಡಿಕ್ಕಿ ಹೊಡೆದರೋ, ಮೇಷ್ಟ್ರಿಗೆ ಡಿಕ್ಕಿ ಡಿಕ್ಕಿ ಹೊಡೆಯಿತೋ ಎಂದು ಬೀದಿಯವರು ಈಗ ನಗುತ್ತಾರೆ. ಆವತ್ತು ಯಾರೂ ನಗಲಿಲ್ಲ. ಅವರು ಕೈಯೂರಿ ಬಿದ್ದಿದ್ದರು. ಮಣಿಕಟ್ಟು ನೋಡಬಾರದ ಕಡೆಗೆ ತಿರುಗಿತ್ತು. ಮೂಲೆಯ ಅಂಗಡಿಯ ಕ್ಷೌರಿಕ ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ನನ್ನ ಕಾರನ್ನೇ ಓಡಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದ. ದಾರಿಯುದ್ದಕ್ಕೂ ಮೇಷ್ಟ್ರು ನನಗೇ ಸಮಾಧಾನ ಹೇಳುತ್ತಿದ್ದರು. "ಅಳಬೇಡಮ್ಮ. ನಾನೂ ಮೈನಸ್ಸು, ನೀನೂ ಮೈನಸ್ಸು. ಗುಣಿಸಿದ್ರೆ ಪ್ಲಸ್ಸು ಬರಬೇಕಿತ್ತು. ಎಲ್ಲೋ ಲೆಕ್ಕ ತಪ್ಪಿದೆ."

ಮೂಳೆ ಮುರಿದಿತ್ತು. ಆರು ವಾರದ ಪ್ಲಾಸ್ಟರು. ಇನ್ನೊಂದು ಸ್ವಲ್ಪ ಜೋರಾಗಿ ಬಂದಿದ್ದರೆ, ಅವರ ಜಾಗದಲ್ಲಿ ಪುಟ್ಟ ಮಗುವಿದ್ದಿದ್ದರೆ ಎಂದು ಯೋಚಿಸುತ್ತಾ ನಾನು ಕಾರಿನ ಕೀಲಿಯನ್ನು ಅಕ್ಕಿ ಡಬ್ಬದೊಳಗೆ ಹಾಕಿಬಿಟ್ಟೆ. ಅಂಗಡಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಗಾಜಿನ ಪೆಟ್ಟಿಗೆ ಹೊತ್ತು ಎರಡು ಬಸ್ಸು ಬದಲಾಯಿಸಿ ಶಾಲೆಗೆ ಹೋಗಲಾಗದೆ ಬುಧವಾರದ ಕೆಲಸ ನಿಂತೇಹೋಯಿತು. ನಾಲ್ಕನೆಯ ವಾರ ಒಬ್ಬ ಮುಖ್ಯೋಪಾಧ್ಯಾಯಿನಿ ಫೋನು ಮಾಡಿದರು. "ಬೋರ್ಡು ಕಾಣಲ್ಲ ಅನ್ನೋ ಮಕ್ಕಳನ್ನೆಲ್ಲ ಮುಂದಿನ ಬೆಂಚಿಗೆ ಕೂರಿಸ್ತಾ ಇದೀವಿ. ಈಗ ಮುಂದಿನ ಬೆಂಚೇ ಸಾಲ್ತಾ ಇಲ್ಲ. ನೀವು ಯಾವಾಗ ಬರ್ತೀರ?" ಎಂದು ಕೇಳಿದರು.

ಈ ನಡುವೆ, ಮೇಷ್ಟ್ರು ಬಿದ್ದ ಮಾರನೆಯ ದಿನವೇ, ಆಸ್ಪತ್ರೆಯ ಚೀಟಿಯ ನಕಲಿನೊಂದಿಗೆ ತಮಗೆ ಎರಡನೆಯ ಅರ್ಜಿ ಕೊಟ್ಟಿದ್ದೆ. ಈ ಸಲ ತಮ್ಮ ಇಲಾಖೆ ಮಿಂಚಿನಂತೆ ಎದ್ದಿತು. ಐದನೆಯ ದಿನಕ್ಕೆ ಟೇಪು ಹಿಡಿದ ಸಾಹೇಬರೊಬ್ಬರು ಬಂದು, ಗೇಟಿನಲ್ಲಿ ನಿಂತು, ದಾಸವಾಳದ ಮೇಲಿಂದ ಕತ್ತು ಚಾಚಿ ನೋಡಿ, "ಕಾಣ್ತಾ ಇದೆಯಲ್ಲಮ್ಮಾ" ಎಂದರು. ಅವರು ಆರಡಿ ಎತ್ತರದ ಆಳು. ಕಾರಿನಲ್ಲಿ ಕುಳಿತು ನೋಡಿ ಎಂದು ವಿನಂತಿಸಿದೆ. "ಖಾಸಗಿ ವಾಹನದಲ್ಲಿ ಕೂತು ನೋಡೋಕೆ ನಮಗೆ ಅವಕಾಶ ಇಲ್ಲ" ಎಂದರು. ಅತ್ತೆ ಒಳಗಿನಿಂದ ಕಾರಿನ ಸೀಟಿನಷ್ಟೇ ಎತ್ತರದ ಸ್ಟೂಲು ತಂದು ಏರಿನ ಮಧ್ಯೆ ಇಟ್ಟು, "ಇದು ಖಾಸಗಿ ಸ್ಟೂಲು, ವಾಹನ ಅಲ್ಲ. ಕೂತ್ಕೊಳಿ" ಎಂದರು. ಸಾಹೇಬರು ಕುಳಿತರು. "ಈಗೇನು ಕಾಣ್ತಿದೆ?" ಎಂದು ಅತ್ತೆ ಕೇಳಿದರು. ಬಹಳ ಹೊತ್ತು ನೋಡಿದ ಮೇಲೆ ಅವರು ಪ್ರಾಮಾಣಿಕವಾಗಿ, "ಎಲೆ" ಎಂದರು. ವರದಿಯಲ್ಲಿ ಮಾತ್ರ 'ಸ್ಥಳದಲ್ಲಿ ನೋಟ ಲಭ್ಯವಿದೆ' ಎಂದು ಬರೆದರಂತೆ. ಎಲೆಯೂ ಒಂದು ನೋಟವೇ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಅದಾದ ಮೇಲೆ ಹನ್ನೊಂದೇ ದಿನದಲ್ಲಿ ತಮ್ಮ ಸುರಕ್ಷತಾ ಶಾಖೆಯವರು ಬಂದು, ಗೇಟಿನ ಬಲಗಡೆ, ಅಂದರೆ ದಾಸವಾಳವಿಲ್ಲದೆ ನನಗೆ ಇನ್ನೂ ಅಷ್ಟೋ ಇಷ್ಟೋ ಕಾಣುತ್ತಿದ್ದ ಒಂದೇ ಒಂದು ಕಡೆಯಲ್ಲಿ, ಎರಡು ಕಬ್ಬಿಣದ ಕಾಲಿನ ಮೇಲೆ ನಾಲ್ಕಡಿ ಅಗಲ ಆರಡಿ ಎತ್ತರದ ಒಂದು ಫಲಕವನ್ನು ಫುಟ್‌ಪಾತಿಗೆ ಅಡ್ಡಲಾಗಿ ನೆಟ್ಟರು. 'ಎಚ್ಚರಿಕೆ. ಇಲ್ಲಿ ವಾಹನಗಳು ಕಾಣದಂತೆ ಹೊರಬರುತ್ತವೆ.' ಅಕ್ಷರಗಳು ಎಷ್ಟು ದೊಡ್ಡವೆಂದರೆ ನನ್ನ ಅಂಗಡಿಯ ಪಟದ ಮೊದಲ ಸಾಲು ಅದರ ಮುಂದೆ ಇರುವೆ. ಆ ಮಾತು ಅದುವರೆಗೆ ಅರ್ಧ ಮಾತ್ರ ನಿಜವಾಗಿತ್ತು, ಫಲಕ ನೆಟ್ಟ ಕ್ಷಣದಿಂದ ಪೂರ್ತಿ ನಿಜವಾಯಿತು. ತಾನು ಬರೆದದ್ದನ್ನು ತಾನೇ ನಿಜ ಮಾಡಿ ತೋರಿಸುವ ಇಲಾಖೆ ಬೇರೆ ಎಲ್ಲಿಯಾದರೂ ಇದ್ದರೆ ದಯವಿಟ್ಟು ತಿಳಿಸಿ, ನಾನು ಅವರಿಗೂ ಒಂದು ಅಭಿನಂದನೆ ಬರೆಯುತ್ತೇನೆ.

ಮೇಷ್ಟ್ರಿಗೆ ಇದೆಲ್ಲ ತಮ್ಮಿಂದಲೇ ಆಯಿತೆಂಬ ಸಂಕೋಚ. ಕುತ್ತಿಗೆಗೆ ಕೈ ತೂಗುಹಾಕಿಕೊಂಡೇ ನಮ್ಮ ಮನೆಗೆ ಬಂದು, "ನಮ್ಮ ಕಾಂಪೌಂಡು ನಿಮ್ಮ ಗೇಟಿಗೆ ನೇರ ಎದುರಿಗಿದೆ. ಅಲ್ಲೊಂದು ಉಬ್ಬುಗನ್ನಡಿ ಹಾಕಿಸಮ್ಮ. ಎರಡೂ ಕಡೆಯ ಫುಟ್‌ಪಾತು ಕಾಣುತ್ತೆ. ಗೋಡೆ ನಂದು, ಯಾರನ್ನೂ ಕೇಳಬೇಕಾಗಿಲ್ಲ" ಎಂದರು. ಕನ್ನಡಿಯ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಳತೆ ನೋಡಿ, ಬಾಗು ಲೆಕ್ಕ ಹಾಕಿ, ಒಳ್ಳೆಯದೊಂದನ್ನು ತರಿಸಿ ಹಾಕಿಸಿದೆ. ಎಡದ ದಾಸವಾಳದ ಹಿಂದಿನವರೂ ಬಲದ ಫಲಕದ ಹಿಂದಿನವರೂ ಗುಬ್ಬಿಗಳಷ್ಟು ಚಿಕ್ಕದಾಗಿ, ಆದರೆ ಸ್ಪಷ್ಟವಾಗಿ ಕಂಡರು. ಮೊದಲ ಬುಧವಾರ ಕೀಲಿ ತೆಗೆದು, ಕಾರನ್ನು ಗೇಟಿನವರೆಗೆ ತಂದು, ಅಲ್ಲಿಂದಲೇ ವಾಪಸ್ಸು ಒಯ್ದೆ. "ಪರವಾಗಿಲ್ಲ, ಮುಂದಿನ ವಾರ ರಸ್ತೆವರೆಗೆ ಹೋದ್ರಾಯ್ತು" ಎಂದರು ಅತ್ತೆ. ಮುಂದಿನ ವಾರ ಬರುವ ಮೊದಲೇ ಮಂಗಳವಾರ ತಮ್ಮವರು ಬಂದು ಕನ್ನಡಿಯನ್ನು ಬಿಚ್ಚಿಕೊಂಡು ಹೋದರು. ಗೋಡೆ ಮೇಷ್ಟ್ರದ್ದೇ ಆದರೂ ಕನ್ನಡಿ ನಾಲ್ಕು ಬೆರಳಿನಷ್ಟು ರಸ್ತೆಯ ಕಡೆಗೆ ಚಾಚಿತ್ತಂತೆ. ಅವರು ಕೊಟ್ಟ ರಸೀದಿಯಲ್ಲಿ 'ಕನ್ನಡಿ ಒಂದು. ದೋಷ: ಮಧ್ಯದಲ್ಲಿ ಉಬ್ಬಿದೆ' ಎಂದು ಬರೆದಿದೆ. ಆ ರಸೀದಿಗೆ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದೇನೆ.

ಆ ಸಂಜೆ ನಾನು ಊಟದ ಮೇಜಿನ ಮುಂದೆ ಕುಳಿತು, ಬುಧವಾರದ ಕೆಲಸವನ್ನು ಪೂರ್ತಿ ಬಿಟ್ಟುಬಿಡುತ್ತೇನೆ, ಕಾರನ್ನು ಮಾರುತ್ತೇನೆ ಎಂದೆ. ಅತ್ತೆ ಬಟಾಣಿ ಸುಲಿಯುತ್ತಿದ್ದರು. ತಲೆಯೆತ್ತದೆ, "ನೀನು ಅರ್ಜಿ ಬರ್ದು ಬರ್ದು ಕೈ ನೋಯಿಸ್ಕೊಂಡೆ. ಮೇಷ್ಟ್ರು ಕೈ ಮುರ್ಕೊಂಡ್ರು. ಇನ್ನು ನನ್ನ ಕೈ ಒಂದು ಉಳಿದಿದೆ" ಎಂದರು. ಅದರ ಅರ್ಥ ನನಗೆ ಭಾನುವಾರ ಬೆಳಗ್ಗೆ ತಿಳಿಯಿತು. ಎದ್ದು ನೋಡಿದರೆ ಅತ್ತೆ ಅದೇ ಸ್ಟೂಲಿನ ಮೇಲೆ ಫುಟ್‌ಪಾತಿನಲ್ಲಿ ಕುಳಿತು, ಅಡುಗೆಮನೆಯ ಕತ್ತರಿಯಿಂದ ದಾಸವಾಳವನ್ನು ಒಂದೊಂದೇ ಕಡ್ಡಿಯಾಗಿ ಕತ್ತರಿಸುತ್ತಿದ್ದರು.

ಅತ್ತೆ, ಇದು ಸರ್ಕಾರಿ ಗಿಡ, ಎಂದೆ. "ನೀರು ಹೊತ್ತಾಗ ಯಾರೂ ಹೇಳಲಿಲ್ವಲ್ಲ ಸರ್ಕಾರದ್ದು ಅಂತ" ಎಂದರು.

ಅರ್ಧ ಗಂಟೆಯಲ್ಲಿ ಅವರ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತು. ಅದನ್ನು ಕಂಡ ಕ್ಷೌರಿಕ ತನ್ನ ಪೆಟ್ಟಿಗೆಯನ್ನೇ ತಂದು, ಮೊದಲು ಗಿಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಹೇಗೆ ಮಾಡ್ಲಿ ಅಮ್ಮ? ಸೈಡಲ್ಲಿ ಸಣ್ಣಗೆ, ಮೇಲೆ ಸ್ವಲ್ಪ ಬಿಡ್ಲಾ?" ಎಂದು ಕೇಳಿದ. "ಏನೂ ಬಿಡಬೇಡ. ಪೊಲೀಸ್ ಕಟ್ಟಿಂಗ್ ಮಾಡು" ಎಂದರು ಅತ್ತೆ. ಪ್ಲಾಸ್ಟರಿನ ಕೈಯ ಮೇಷ್ಟ್ರು ಒಂದು ದಾರದ ತುದಿಯನ್ನು ಗೇಟಿಗೆ ಕಟ್ಟಿ ಇನ್ನೊಂದು ತುದಿಯನ್ನು ಎಡಗೈಯಲ್ಲಿ ಹಿಡಿದು, ಮೂರನೇ ಗಿಡ ಅರ್ಧ ಇಂಚು ಏರಿದೆ, ಐದನೇದು ಕಾಲಿಂಚು ಇಳಿದಿದೆ ಎಂದು ಎಲ್ಲರನ್ನೂ ಗೋಳುಹೊಯ್ದುಕೊಂಡರು. ಗೇಟಿನಿಂದ ಹತ್ತಡಿ, ಮೊಣಕಾಲೆತ್ತರ. ನನ್ನ ಮೊದಲ ಅರ್ಜಿಯಲ್ಲಿ ಇದ್ದಷ್ಟೇ, ಒಂದು ಅಂಗುಲ ಹೆಚ್ಚಿಲ್ಲ. ಒಂದು ಗಿಡವನ್ನೂ ಕಿತ್ತಿಲ್ಲ. ಕತ್ತರಿಸಿದ ಹೂಗಳನ್ನು ಬೀದಿಯವರೆಲ್ಲ ಮನೆಗೆ ಕೊಂಡೊಯ್ದರು.

ಆಮೇಲೆ ಅತ್ತೆ ನನ್ನನ್ನು ಕಾರಿನಲ್ಲಿ ಕೂರಿಸಿದರು. ಹಿಂದಕ್ಕೆ ಏರಿ ಬಂದು ಗೇಟಿನ ಒಳಗೇ ನಿಲ್ಲಿಸಿ ಎಡಕ್ಕೆ ತಿರುಗಿ ನೋಡಿದೆ. ತಿರುವಿನವರೆಗೂ ಫುಟ್‌ಪಾತು ಕಂಡಿತು. ಛತ್ರಿ ಹಿಡಿದು ಬರುತ್ತಿದ್ದ ಒಬ್ಬ ಹೆಂಗಸು, ಅವಳ ಹಿಂದೆ ಒಂದು ನಾಯಿ, ದೂರದಲ್ಲಿ ಸೈಕಲ್ಲು ತಳ್ಳಿಕೊಂಡು ಬರುವ ಹಾಲಿನವನು. ಮಕ್ಕಳಿಗೆ ಮೊದಲ ಸಲ ಕನ್ನಡಕ ಹಾಕಿದಾಗ ಅವರು ಕಿಟಕಿಯಾಚೆ ನೋಡಿ ಕಂಡದ್ದನ್ನೆಲ್ಲ ಒಂದೊಂದಾಗಿ ಎಣಿಸುತ್ತಾರೆ. ನಾನೂ ಹಾಗೆಯೇ ಎಣಿಸಿದೆ. ಛತ್ರಿಯ ಹೆಂಗಸು ಗೇಟು ದಾಟುವವರೆಗೆ ಕಾದೆ; ಅವಳು ಬರುತ್ತಿದ್ದಾಳೆಂದು ನನಗೆ ಗೊತ್ತಿತ್ತು ಎಂಬುದೇ ಎಷ್ಟು ಹಾಯಾಗಿತ್ತೆಂದು ಹೇಳಲಾರೆ.

ಮಾನ್ಯರೇ, ನಾಲ್ಕನೆಯ ದಿನ, ಗುರುವಾರ, ಸೌಂದರ್ಯ ಶಾಖೆಯ ದೂರಿನ ಮೇರೆಗೆ ತಾವೇ ಖುದ್ದಾಗಿ ಸ್ಥಳ ಪರಿಶೀಲನೆಗೆ ದಯಮಾಡಿಸಿದಿರಿ. ಅಂದು ನಡೆದದ್ದು ತಮಗೆ ನೆನಪಿರಬಹುದು. ಆದರೂ ಕಡತದಲ್ಲಿ ಇಲ್ಲದ ಕಾರಣ ಬರೆದಿಡುತ್ತೇನೆ. ರಸ್ತೆಯಲ್ಲಿ ಬಸ್ಸುಗಳಿಗೆ ಅಡ್ಡಿಯಾಗುತ್ತದೆಂದು ತಮ್ಮ ಚಾಲಕರು ಕಾರನ್ನು ನಮ್ಮ ಗೇಟಿನೊಳಗೆ ಇಳಿಸಿ ನಿಲ್ಲಿಸಿದರು. ತಾವು ಕತ್ತರಿಸಿದ ಗಿಡಗಳನ್ನು ಎಣಿಸಿ, ಅತ್ತೆಯವರನ್ನು ಕನ್ನಡಕದ ಮೇಲಿಂದ ನೋಡಿ, "ಈ ವಯಸ್ಸಲ್ಲಿ ನಿಮಗೆ ಇದೆಲ್ಲ ಬೇಕಿತ್ತೇನಮ್ಮ?" ಎಂದಿರಿ. "ಈ ವಯಸ್ಸಲ್ಲಿ ಬೇಡ ಅಂತ್ಲೇ ನಿಮಗೆ ಬರೆದಿದ್ದು" ಎಂದು ಅತ್ತೆ ಉತ್ತರಿಸಿದರು. ತಾವು ಚಾಲಕರಿಗೆ ಕಾರು ತೆಗೆಯಲು ಹೇಳಿ, ಸಾಕ್ಷಿಗೆಂದು ಇಡೀ ಸಾಲಿನ ಫೋಟೋ ತೆಗೆಯಲು ಬಲಕ್ಕೆ ಸರಿದಿರಿ. ಸಾಲು ಪೂರ್ತಿ ಹಿಡಿಯದೆ ಇನ್ನೂ ಸರಿದಿರಿ. ಕೊನೆಗೆ ತಮ್ಮದೇ ಫಲಕದ ಹಿಂದಕ್ಕೆ ಹೋಗಿ, ಅದರ ಅಂಚಿನಿಂದ ಫೋನು ಚಾಚಿ ಫೋಟೋ ತೆಗೆದು, ಆ ಫೋಟೋವನ್ನೇ ನೋಡುತ್ತಾ ಫಲಕದ ಮರೆಯಿಂದ ಗೇಟಿನ ಬಾಯಿಗೆ ಹೆಜ್ಜೆ ಹಾಕಿದಿರಿ. ಅದೇ ಹೊತ್ತಿಗೆ ತಮ್ಮ ಕಾರು ಹಿಂದಕ್ಕೆ ಏರಿ ಬರುತ್ತಿತ್ತು.

"ನಿಲ್ಲು" ಎಂದರು ಅತ್ತೆ. ಅಷ್ಟೇ, ಒಂದೇ ಮಾತು. ಮೂವತ್ತು ವರ್ಷದ ಎಕ್ಸ್‌ಚೇಂಜಿನ ದನಿಯಲ್ಲಿ. ಕಾರು ನಿಂತಿತು, ತಾವು ನಿಂತಿರಿ, ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸೂ ನಿಂತಿತು. ಕಾರಿನ ಬಂಪರಿಗೂ ತಮ್ಮ ಮಂಡಿಗೂ ನಡುವೆ ಒಂದು ಗೇಣು ಉಳಿದಿತ್ತು. ತಮ್ಮ ಫೋನು ನೆಲದ ಮೇಲಿತ್ತು. ತಮ್ಮ ಮುಖದಲ್ಲಿ ಆಗ ಇದ್ದ ಬಣ್ಣವನ್ನು ನಾನು ಬಲ್ಲೆ. ಮೇಷ್ಟ್ರು ಬಿದ್ದ ದಿನ ಕಾರಿನ ಕನ್ನಡಿಯಲ್ಲಿ ನನ್ನ ಮುಖದಲ್ಲಿ ಕಂಡಿದ್ದೆ. ಅತ್ತೆ ತಮ್ಮನ್ನು ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟರು. ತಾವು ಎರಡು ಗುಟುಕು ಕುಡಿದು ಚಾಲಕರನ್ನು, "ನಾನು ಕಾಣಲಿಲ್ವೇನಯ್ಯ?" ಎಂದು ಕೇಳಿದಿರಿ. ಅವರು ಕೈಕಟ್ಟಿ ನಿಂತು, "ಬೋರ್ಡು ಕಾಣ್ತು ಸಾರ್" ಎಂದರು. ಆಮೇಲೆ ತಾವು ಯಾರನ್ನೂ ಬಯ್ಯಲಿಲ್ಲ. ಲೋಟ ಹಿಂತಿರುಗಿಸುವಾಗ ಅತ್ತೆಯವರಿಗೆ ಮೆಲ್ಲಗೆ, "ಬರ್ತೀನಮ್ಮ" ಎಂದಿರಿ. ಅಂದು ನನಗೆ ತಮ್ಮ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ.

ಅದಾದ ನಾಲ್ಕನೆಯ ದಿನ ನೋಟಿಸು ಬಂತು. ಸಾರ್ವಜನಿಕ ಸೌಂದರ್ಯಕ್ಕೆ ಧಕ್ಕೆ ತಂದ ಕಾರಣಕ್ಕೆ ನಿಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು, ಹದಿನೈದು ದಿನದೊಳಗೆ ಲಿಖಿತ ಉತ್ತರ ಕೊಡತಕ್ಕದ್ದು ಎಂದು, ನಮ್ಮ ಅತ್ತೆಯವರಿಗೆ, ತಮ್ಮದೇ ಸಹಿಯಲ್ಲಿ. ವಿಚಾರಿಸಿದಾಗ ತಮ್ಮ ಕಚೇರಿಯವರು, ನೋಟಿಸು ತಾವು ನಮ್ಮ ಮನೆಗೆ ಬರುವ ಮೊದಲೇ ಸಿದ್ಧವಾಗಿತ್ತು, ಟಪಾಲು ವಿಭಾಗಕ್ಕೆ ಇಳಿದ ಮೇಲೆ ಕಾಗದವನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ ಎಂದರು. ಹಿಂದಕ್ಕೆ ತೆಗೆಯುವುದು ಕಷ್ಟವೆಂಬುದನ್ನು ನಮ್ಮಷ್ಟು ಬಲ್ಲವರು ಬೇರೆ ಯಾರು? ಅತ್ತೆಯವರ ಲಿಖಿತ ಉತ್ತರ ಇಲ್ಲಿದೆ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ: "ಕತ್ತರಿಸಿದ್ದು ಹೌದು. ನೀರು ಹಾಕಿದ್ದೂ ಹೌದು. ಬೆಳೆದರೆ ಮತ್ತೆ ಎರಡನ್ನೂ ಮಾಡುತ್ತೇನೆ."

ಇಷ್ಟಾದರೂ ಇಲಾಖೆಗೆ ಆ ಐದೂವರೆ ಅಡಿಯೇ ಬೇಕೆಂದಾದರೆ, ನಮ್ಮದೇನೂ ಹಟವಿಲ್ಲ. ಗಾಜಿನಂತೆ ಆಚೆಯದು ಕಾಣುವ ಎಲೆಯುಳ್ಳ ದಾಸವಾಳದ ತಳಿಯನ್ನು ದಯವಿಟ್ಟು ನೆಡಿಸಿ. ಎಲೆಗೆ ನಂಬರು ಬೇಕಾದರೆ ನಾನು ಅಳತೆ ಹಾಕಿ ಕೊಡುತ್ತೇನೆ. ಅದು ಸಿಗದಿದ್ದರೆ ಆರಡಿಗಿಂತ ಕಡಿಮೆ ಎತ್ತರದವರು ನಮ್ಮ ಫುಟ್‌ಪಾತಿನಲ್ಲಿ ನಡೆಯಕೂಡದೆಂದು ಆದೇಶ ಹೊರಡಿಸಿ. ಟೇಪಿನ ಸಾಹೇಬರಂಥವರು ಧಾರಾಳವಾಗಿ ಓಡಾಡಲಿ. ಅದೂ ಆ‍ಗದಿದ್ದರೆ ನನಗೊಂದು ಜಿರಾಫೆಯ ಕತ್ತು ಮಂಜೂರು ಮಾಡಿಸಿ. ಇನ್ನು ತೀರಾ ಸಣ್ಣದೊಂದು ಬೇಡಿಕೆಯಿದೆ, ಕೇಳಲು ಸಂಕೋಚವಾಗುತ್ತದೆ, ಏಕೆಂದರೆ ಉಳಿದವುಗಳಿಗಿಂತ ಇದೇ ಅಸಾಧ್ಯವೆಂದು ಅನುಭವಸ್ಥರು ಹೇಳುತ್ತಾರೆ: ಬೀರುವಿನ ಈಚೆಗಿರುವವರು ಎದ್ದು ಆಚೆಗಿರುವವರ ಜೊತೆ ಒಮ್ಮೆ ಮಾತಾಡಲಿ.

ಮೊನ್ನೆ ಬುಧವಾರ ಅತ್ತೆ ಫಲಕದ ಪಕ್ಕದಲ್ಲಿ ನಿಂತು ಬಲಗಡೆ ನೋಡಿಕೊಂಡರು, ಎಡಗಡೆ ನಾನೇ ನೋಡಿಕೊಂಡೆ. ಎಂಟು ವಾರದ ಮೇಲೆ ರಸ್ತೆಗಿಳಿದು ಶಾಲೆಗೆ ಹೋದೆ. ಮೂವತ್ತೊಂದು ಮಕ್ಕಳ ಕಣ್ಣು ನೋಡಿದೆ. ಹನ್ನೆರಡು ಮಕ್ಕಳು ಇನ್ನು ಮುಂದಿನ ಬೆಂಚು ಬಿಟ್ಟು ತಮ್ಮ ಗೆಳೆಯರ ಜೊತೆ ಹಿಂದೆ ಕೂರಬಹುದು. ಅವರಲ್ಲಿ ಒಬ್ಬಳು, "ಇಷ್ಟು ದಿನ ಯಾಕೆ ಬರಲಿಲ್ಲ ಮಿಸ್?" ಎಂದು ಕೇಳಿದಳು. ದಾರಿ ಕಾಣುತ್ತಿರಲಿಲ್ಲ ಎಂದೆ. ಕನ್ನಡಕದವರಿಗೂ ಹಾಗಾಗುತ್ತದೆಯೇ ಎಂದು ಅವಳು ಬಹಳ ಮರುಗಿದಳು.

ತಮ್ಮ ಸಮಯವನ್ನು ಇಷ್ಟು ಹೊತ್ತು ತೆಗೆದುಕೊಂಡದ್ದಕ್ಕೆ ಕ್ಷಮೆ ಬೇಡುತ್ತಾ, ತಮ್ಮ ಮಂಡಿಗಳು ಇನ್ನೂ ಬಹುಕಾಲ ಸುರಕ್ಷಿತವಾಗಿರಲಿ, ಸುಂದರವಾಗಿಯೂ ಇರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ದಾಸವಾಳದ ಮರೆಯ ಮನೆಯ ಸೊಸೆ

ತಾ.ಕ.: ಈ ಪತ್ರವನ್ನು ಕೊಡಲು ಹೋದಾಗ ಟಪಾಲು ವಿಭಾಗದವರು, ಬಹಿರಂಗ ಪತ್ರವನ್ನು ತೆರೆದ ಸ್ಥಿತಿಯಲ್ಲಿ ಸ್ವೀಕರಿಸಲು ನಿಯಮವಿಲ್ಲ, ಲಕೋಟೆಗೆ ಹಾಕಿ ಅಂಟಿಸಿ ತನ್ನಿ ಎಂದರು. ಹಾಗೆಯೇ ಮಾಡಿದ್ದೇನೆ. ಆದಷ್ಟು ಬಹಿರಂಗವಾಗಿಯೂ ಇರಲೆಂದು ಒಂದು ಪ್ರತಿಯನ್ನು ಕ್ಷೌರಿಕ ತನ್ನ ಅಂಗಡಿಯಲ್ಲಿ ಕುರ್ಚಿಯ ಎದುರಿಗೇ ಅಂಟಿಸಿಕೊಂಡಿದ್ದಾನೆ. ಕತ್ತಿನ ಮೇಲೆ ಕತ್ತಿ ಇರುವಷ್ಟು ಹೊತ್ತು ಯಾರೂ ಅಲುಗಾಡದೆ ಪೂರ್ತಿ ಓದುತ್ತಾರೆ. ತಮ್ಮ ಟೇಪಿನ ಸಾಹೇಬರು ನಿನ್ನೆ ಎರಡು ಸಲ ಓದಿದರಂತೆ.